ಐರಿಷ್ ಕ್ರೋಷಾ ಹೂಗಳು: ಹಸಿವು ಮತ್ತು ಹೆಣಿಗೆ

ಹೆಂಗಸರ ಹೆಣಿಗೆ ಕೆಲಸವನ್ನು ಬಿಡುವಿನ ವೇಳೆಯ ಹವ್ಯಾಸವೆಂದು ಪರಿಗಣಿಸುವ ಪರಿಪಾಠ ಅಧ್ಯಯನ ವಲಯದಲ್ಲಿಯೂ ಉಳಿದುಬಂದಿದೆ. ಐರ್ಲೆಂಡಿನ ಕ್ರೋಷಾ ಹೂಗಳ ಚರಿತ್ರೆಯು ಈ ಗ್ರಹಿಕೆಯನ್ನು ಪ್ರಶ್ನಿಸುತ್ತದೆ. 1845ರಲ್ಲಿ ಆಲೂಗಡ್ಡೆ ಬೆಳೆಗೆ ತಗುಲಿದ ರೋಗದಿಂದ ಆರಂಭವಾದ ಮಹಾಕ್ಷಾಮದಲ್ಲಿ ಅಲ್ಲಿ ಸುಮಾರು 10 ಲಕ್ಷ ಜನರು ಅಸುನೀಗಿದರು. ಆ ದಶಕದಲ್ಲಿ ಕಾರ್ಕ್ ಸಮೀಪದ ಅರ್ಸುಲಿನ್ ಸನ್ಯಾಸಿನಿಯರು ಬಡ ಹೆಣ್ಣುಮಕ್ಕಳಿಗೆ ಕ್ರೋಷಾ ಕಲಿಸಿದರು. ಕ್ಲೋನಿಸ್ ಎಂಬ ಊರಿನಲ್ಲಿ ಪಾದ್ರಿಯ ಪತ್ನಿ ಕಸಾಂಡ್ರಾ ಹ್ಯಾಂಡ್ 1847ರಲ್ಲಿ ಇದನ್ನು ಪರಿಚಯಿಸಿದರು. ಇದಕ್ಕೆ ಬೇಕಾದುದು ಒಂದು ಕೊಕ್ಕೆಕಡ್ಡಿ ಮತ್ತು ನೂಲು ಮಾತ್ರ. ಸೂಜಿಯಿಂದ ಮಾಡುವ ವೆನಿಸ್‌ನ ಲೇಸಿಗಿಂತ ಕೆಲಸವೂ ಬೇಗ ಮುಗಿಯುತ್ತಿತ್ತು.

ಇದರ ಪ್ರಧಾನ ಆಕೃತಿಗಳಲ್ಲೊಂದು ಗುಲಾಬಿ. ಮೊದಲು ನಡುವಿನ ಬಳೆ, ಅದರ ಸುತ್ತ ಎಸಳುಗಳ ಒಂದು ಸುತ್ತು. ಬಳಿಕ ಆ ಎಸಳುಗಳ ಹಿಂಬದಿಯಲ್ಲಿ ಸರಪಳಿ ಕುಣಿಕೆಗಳನ್ನು ಹಾಕಿ, ಅವುಗಳ ಮೇಲೆ ಇನ್ನೂ ದೊಡ್ಡ ಎಸಳುಗಳನ್ನು ಹೆಣೆಯುತ್ತಾರೆ. ತೋಟದ ಗುಲಾಬಿಯಂತೆ ಹೂವು ಪದರಪದರವಾಗಿ ಮೇಲೇಳುವುದು ಹೀಗೆ. ದಪ್ಪ ನೂಲೊಂದನ್ನು ಒಳಗಿಟ್ಟು ಹೆಣೆದಾಗ ಎಸಳಿನ ಅಂಚು ಉಬ್ಬಿ ನಿಲ್ಲುತ್ತದೆ. ಬಿಡಿಬಿಡಿಯಾಗಿ ಸಿದ್ಧವಾದ ಹೂವು, ಎಲೆಗಳನ್ನು ಮಾದರಿಯ ಮೇಲೆ ಮಗುಚಿ ಜೋಡಿಸಿ, ನಡುವಿನ ತೆರವನ್ನು ಜಾಲರಿಯಿಂದ ತುಂಬುತ್ತಾರೆ.

ಬಿಡಿಯಾಗಿ ಹೆಣೆಯುವ ಈ ಕ್ರಮವೇ ಶ್ರಮವಿಭಜನೆಗೆ ಎಡೆಮಾಡಿತು. ಒಬ್ಬಳು ಹೂವನ್ನು ಮಾಡಿದರೆ ಇನ್ನೊಬ್ಬಳು ಎಲೆಯನ್ನು, ಮತ್ತೊಬ್ಬಳು ಜೋಡಣೆಯನ್ನು ಮಾಡುತ್ತಿದ್ದಳು. ತಮ್ಮ ಆಕೃತಿಯ ಗುಟ್ಟನ್ನು ಕಾಪಾಡಿಕೊಂಡ ಕುಟುಂಬಗಳೂ ಇದ್ದವು. ಅದನ್ನು ಕೇವಲ ಜಿಪುಣತನವೆನ್ನಲಾಗದು; ಆ ಗುಟ್ಟು ಮನೆಯ ಅನ್ನವಾಗಿತ್ತು. ಆದ್ದರಿಂದ ಈ ಹೂಗಳನ್ನು ಸೌಂದರ್ಯದ ದೃಷ್ಟಿಯಿಂದ ಮಾತ್ರವಲ್ಲದೆ, ಬದುಕುಳಿಯುವ ಜ್ಞಾನವಾಗಿಯೂ ಅಭ್ಯಸಿಸಬೇಕಾಗುತ್ತದೆ.