ಸೂಪರ್‌ಆಂಟಿಜೆನ್ ಹಿಡಿಯುವ ಹಿಡಿಕೆ

ಪ್ರಶ್ನೆ: ಗಾಯಕ್ಕೆ ಸೇರಿದ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾದ ಅತ್ಯಲ್ಪ ವಿಷಕ್ಕೆ ಇಡೀ ದೇಹ ಕುಸಿಯುವುದೇಕೆ? – ಓದುಗರೊಬ್ಬರು, ಡೊಂಬಿವಲಿ

ಉತ್ತರ: ಇಲ್ಲಿ ದೇಹವನ್ನು ಕೆಡವುವುದು ನಮ್ಮದೇ ರೋಗನಿರೋಧಕ ಪಡೆಯ ಅತಿರೇಕ. ಮುಂಬಯಿಯ ಡಬ್ಬಾವಾಲಾರು ಮುಚ್ಚಳದ ಗುರುತು ಓದಿಯೇ ಡಬ್ಬಿ ತಲುಪಿಸುತ್ತಾರೆ. ಈ ಪಡೆಯ ಟಿ-ಕೋಶದ ಗ್ರಾಹಕವೂ ಅಂಥ ಡಬ್ಬಿ. ಅದರ ಗುರುತು ರೋಗಾಣುವಿನ ತುಣುಕಿಗೆ ಹೊಂದಿದರಷ್ಟೇ ಕೋಶ ಎಚ್ಚರಗೊಳ್ಳುತ್ತದೆ. ಹೀಗೆ ಹೊಂದುವುದು 10,000 ಕೋಶಗಳಲ್ಲಿ ಒಂದು, ಅಥವಾ ಇನ್ನೂ ಕಡಿಮೆ.

ಸೂಪರ್‌ಆಂಟಿಜೆನ್ ಎಂಬ ಬಗೆಯ ಈ ವಿಷ ಗುರುತನ್ನು ಓದುವುದೇ ಇಲ್ಲ. ಗ್ರಾಹಕದ ಬದಿಯ ‘ವಿ-ಬೀಟಾ’ ಎಂಬ ಭಾಗವನ್ನು ಹಿಡಿಕೆಯಂತೆ ಹಿಡಿದು, ತುಣುಕು ತೋರಿಸುವ ಕೋಶದ ಎಂಎಚ್‌ಸಿ-2 ಪ್ರೋಟೀನಿಗೆ ಹೊರಗಿನಿಂದಲೇ ಬಿಗಿಯುತ್ತದೆ. ಆ ಬಗೆಯ ಹಿಡಿಕೆಯಿರುವ ಡಬ್ಬಿಗಳೆಲ್ಲ ಒಂದೇ ಮೇಜಿಗೆ ಬಂದು ಬಿದ್ದಂತೆ! ಹೀಗೆ ದೇಹ ಕುಸಿಯುವ ‘ಟಾಕ್ಸಿಕ್ ಶಾಕ್’ ಸ್ಥಿತಿ ತರುವ ಟಿಎಸ್‌ಎಸ್‌ಟಿ-1 ವಿಷ ಹಿಡಿಯುವುದು ‘ವಿ-ಬೀಟಾ 2’ ಹಿಡಿಕೆಯನ್ನು. ಸೂಪರ್‌ಆಂಟಿಜೆನ್‌ಗಳು ಟಿ-ಕೋಶಗಳಲ್ಲಿ ಶೇ. 20ರಷ್ಟನ್ನು ಒಮ್ಮೆಗೇ ಕೆರಳಿಸಬಲ್ಲವು. ಕೆರಳಿದ ಕೋಶಗಳು ಸುರಿಸುವ ಸಂಕೇತ-ರಾಸಾಯನಿಕಗಳಾದ ಸೈಟೊಕೈನ್‌ಗಳಿಂದ ಜ್ವರ ಏರುತ್ತದೆ, ರಕ್ತನಾಳಗಳು ಸೋರುತ್ತವೆ, ರಕ್ತದೊತ್ತಡ ಕುಸಿಯುತ್ತದೆ.

‘ಸೂಪರ್‌ಆಂಟಿಜೆನ್’ ಎಂಬ ಹೆಸರು 1989ರಲ್ಲಿ ಅಮೆರಿಕದ ಫಿಲಿಪ್ಪಾ ಮ್ಯಾರಕ್ ಮತ್ತು ಜಾನ್ ಕ್ಯಾಪ್ಲರ್ ಅವರ ತಂಡದಿಂದ ಬಂತು.

ಗಾಯವಾದ ಮೇಲೆ ತೀವ್ರ ಜ್ವರ, ಮೈಯೆಲ್ಲ ಕೆಂಪು, ತಲೆಸುತ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.