ಮಕ್ಕಳ ಪುಸ್ತಕ ಮಕ್ಕಳಿಗಷ್ಟೇ ಸುಲಭ

ಜಪಾನಿ ಭಾಷೆಯ ಹಿರಗಾನಾ, ಕತಕಾನಾ ಅಕ್ಷರಗಳನ್ನು ಕಲಿತು ಮುಗಿಸಿದವರಿಗೆ ಕೇಳದೆಯೇ ಸಿಗುವ ಸಲಹೆ ಒಂದಿದೆ: “ಮಕ್ಕಳ ಕತೆಪುಸ್ತಕದಿಂದ ಶುರು ಮಾಡಿ, ಅದು ಸುಲಭ.” ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಅದನ್ನು ನಂಬಿ ಪುಸ್ತಕ ತಂದವರು ಎರಡನೇ ಪುಟದಲ್ಲೇ ಎಡವಿ, ತಪ್ಪು ತಮ್ಮದೇ ಎಂದುಕೊಂಡು ಓದುವುದನ್ನೇ ಬಿಟ್ಟುಬಿಡುತ್ತಾರೆ. ತಪ್ಪು ಅವರದಲ್ಲ, ಸಲಹೆಯದು.

ಪೀಚ್ ಹಣ್ಣಿನೊಳಗಿಂದ ಹುಟ್ಟಿಬರುವ ಹುಡುಗ ಮೊಮೊತಾರೊನ ಕತೆ ಜಪಾನಿನ ಪ್ರತಿ ಮನೆಯಲ್ಲೂ ಗೊತ್ತು. ಕತೆಯ ಆರಂಭದಲ್ಲೇ ಅಜ್ಜ ಬೆಟ್ಟಕ್ಕೆ ‘ಶಿಬಕಾರಿ’ಗೆ ಹೋಗುತ್ತಾನೆ. ಒಲೆಗೆ ಪುಳ್ಳೆ ಸೌದೆ ಕಡಿದು ತರುವ ಕೆಲಸ ಅದು. ಹುಲ್ಲುಹಾಸು ಕತ್ತರಿಸುವುದಕ್ಕೂ ಇದೇ ಉಚ್ಚಾರ. ಚೀನಿ ಮೂಲದ ಕಾಂಜಿ ಲಿಪಿಯಲ್ಲಿ ಬರೆದರೆ ಎರಡೂ ಬೇರೆ ಬೇರೆ ಅಕ್ಷರಗಳು, ಗೊಂದಲವೇ ಇಲ್ಲ. ಎಳೆಯರ ಪುಸ್ತಕದಲ್ಲಿ ಕಾಂಜಿ ತೆಗೆದು ಹಿರಗಾನಾ ಮಾತ್ರ ಉಳಿಸಿರುವುದರಿಂದ ಅರ್ಥದ ಸುಳಿವೂ ಜೊತೆಗೇ ಹೋಗಿರುತ್ತದೆ. ಕಲಿಯುವವರು ಕಷ್ಟವೆಂದು ಹೆದರುವ ಕಾಂಜಿ ಇಲ್ಲಿ ಅವರ ಕೈಹಿಡಿಯಬೇಕಿತ್ತು. ಮುಂದಿನ ಸಾಲುಗಳಲ್ಲಿ ಹೊಳೆಯಲ್ಲಿ ಪೀಚ್ ‘ದೊನ್‌ಬುರಕೊ’ ಎನ್ನುತ್ತ ತೇಲಿಬರುತ್ತದೆ. ಈ ಪದ ಕಲಿತವರಿಗೆ ಅದನ್ನು ಬಳಸಲು ಇನ್ನೊಂದು ಸಂದರ್ಭ ಸಿಗುವುದು ಅಪರೂಪ.

ಐದು ವರ್ಷದ ಜಪಾನಿ ಮಗು ಪುಸ್ತಕ ಹಿಡಿಯುವ ಹೊತ್ತಿಗೆ ಸಾವಿರಾರು ಪದಗಳನ್ನು ಕಿವಿಯಿಂದಲೇ ಕಲಿತಿರುತ್ತದೆ. ಅದಕ್ಕೆ ಬರದಿರುವುದು ಅಕ್ಷರ ಮಾತ್ರ. ಪುಸ್ತಕ ಬರೆಯುವವರು ಅಕ್ಷರವನ್ನು ಹಗುರ ಮಾಡುತ್ತಾರೆ, ಭಾಷೆಯನ್ನಲ್ಲ. ವಯಸ್ಕರಾಗಿ ಕಲಿಯುವವರದು ಇದಕ್ಕೆ ತದ್ವಿರುದ್ಧ. ಅಕ್ಷರ ಬರುತ್ತದೆ, ಪದ ಗೊತ್ತಿಲ್ಲ. ಎಲ್ಲೆಡೆ ಬಳಕೆಯಲ್ಲಿರುವ ‘ಮಿನ್ನಾ ನೊ ನಿಹೊಂಗೊ’ ಪಠ್ಯದಲ್ಲಿ ಮನೆಯವರು ತಮ್ಮೊಳಗೆ ಆಡುವ ಸಲುಗೆಯ ಕ್ರಿಯಾರೂಪ ಬರುವುದು ಇಪ್ಪತ್ತನೇ ಪಾಠಕ್ಕೆ. ಕತೆಯೊಳಗಿನ ಮೊಲ, ನರಿಗಳು ಮೊದಲ ಪುಟದಿಂದಲೇ ಆ ರೂಪದಲ್ಲಿ ಮಾತಾಡುತ್ತವೆ.

ಅನುಕರಣ ಪದಗಳ ಕಾಟ ಬೇರೆ. ಕವಿ ತನಿಕಾವಾ ಶುಂತಾರೊ 1977ರಲ್ಲಿ ಬರೆದ ‘ಮೊಕೊ ಮೊಕೊಮೊಕೊ’ ಹಸುಳೆಗಳಿಗಾಗಿ ಮಾಡಿದ ಸೊಗಸಾದ ಚಿತ್ರಪುಸ್ತಕ. ಅದರಲ್ಲಿರುವುದು ಬಹುತೇಕ ಅನುಕರಣ ಪದಗಳೇ. ಮಳೆ ಜಿಟಿಜಿಟಿ ಎಂದಿತೋ ಧೋ ಎಂದಿತೋ ಎಂಬ ವ್ಯತ್ಯಾಸ ಕನ್ನಡದ ಮಗುವಿಗೆ ಕಲಿಸದೆಯೇ ಗೊತ್ತು, ಹೊರಗಿನವರಿಗೆ ಯಾವ ವ್ಯಾಕರಣವೂ ಅದನ್ನು ಹೇಳಿಕೊಡದು. ತನಿಕಾವಾ ಅವರ ಪುಸ್ತಕವನ್ನು ಪ್ರೀತಿಯಿಂದ ನೋಡಬಹುದು, ಓದಿ ಭಾಷೆ ಕಲಿಯುತ್ತೇನೆಂದರೆ ಆಗದು.

ಇನ್ನು ‘ಗೊನ್ ಗಿತ್ಸುನೆ’. ನೀಮಿ ನಾನ್‌ಕಿಚಿ ಬರೆದ ಈ ನರಿಯ ಕತೆ 1932ರಲ್ಲಿ ‘ಅಕಾಯ್ ತೊರಿ’ ಮಕ್ಕಳ ಪತ್ರಿಕೆಯಲ್ಲಿ ಬಂತು. ನಾಲ್ಕನೇ ತರಗತಿಯ ಪಠ್ಯಪುಸ್ತಕಗಳಲ್ಲಿ ದಶಕಗಳಿಂದ ಇದೆ. “ನಾಲ್ಕನೇ ಕ್ಲಾಸಿನದು ತಾನೇ” ಎಂದು ಕೈಗೆತ್ತಿಕೊಂಡವರಿಗೆ ಹಲ್ಲಿಗೆ ಕಪ್ಪು ಬಳಿದುಕೊಳ್ಳುತ್ತಿರುವ ಹೆಂಗಸು ಎದುರಾಗುತ್ತಾಳೆ. ಮುಂದೆ ಕಮ್ಮಾರನ ಹೆಂಡತಿ ತಲೆ ಬಾಚುತ್ತಿರುತ್ತಾಳೆ. ಊರಲ್ಲಿ ಏನೋ ವಿಶೇಷವಿದೆ ಎಂದು ನರಿ ಊಹಿಸುವುದು ಇವುಗಳಿಂದಲೇ. ಹಲ್ಲು ಕಪ್ಪಾಗಿಸುವ ಪದ್ಧತಿ ಜಪಾನಿನಲ್ಲಿ ಮರೆಯಾಗಿ ಎಷ್ಟೋ ಕಾಲವಾಯಿತು. ಈ ಭಾಗವನ್ನು ಅಲ್ಲಿನ ಮಕ್ಕಳಿಗೂ ಮೇಷ್ಟ್ರು ಬಿಡಿಸಿ ಹೇಳಬೇಕು. ಕತೆಯ ಕೊನೆ ಕರುಳು ಹಿಂಡುವಂಥದ್ದು. ಓದಲೇಬೇಕು, ಆದರೆ ಮೊದಲ ವರ್ಷದಲ್ಲಲ್ಲ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ನಿತ್ಯಬಳಕೆಗೆಂದು ಗೊತ್ತುಮಾಡಿರುವ 2,136 ಕಾಂಜಿಗಳನ್ನೂ ಕಲಿತೇ ಓದಬೇಕೆನ್ನುವುದು ತಪ್ಪು. ಪಕ್ಕದಲ್ಲಿ ಪುಟ್ಟದಾಗಿ ಉಚ್ಚಾರ ಅಚ್ಚಾಗುವ ‘ಫುರಿಗಾನಾ’ ಇರುವುದೇ ಅದಕ್ಕಾಗಿ. ಜಪಾನಿ ಚಿತ್ರಕತೆಗಳಾದ ಮಾಂಗಾ ಎಲ್ಲವೂ ಸುಲಭವೆಂಬುದೂ ಸುಳ್ಳು. ದಿನನಿತ್ಯದ ಮಾತಿನ, ಫುರಿಗಾನಾ ಇರುವ ‘ಯೊತ್ಸುಬಾ’ ಒಂದು ತರಹ, ಸಮುರಾಯಿಗಳ ಮಾಂಗಾ ಇನ್ನೊಂದು ತರಹ. ಗೊತ್ತಿರುವ ಕತೆಯೆಂದು ‘ಹ್ಯಾರಿ ಪಾಟರ್’ ಅನುವಾದ ಹಿಡಿದವರಿಗೆ ಹ್ಯಾಗ್ರಿಡ್‌ನ ಹಳ್ಳಿಮಾತು ಅಡ್ಡ ನಿಲ್ಲುತ್ತದೆ. 1997ರಿಂದ ಹಳೆಯ ಸಾಹಿತ್ಯವನ್ನು ಪುಕ್ಕಟೆಯಾಗಿ ಒದಗಿಸುತ್ತಿರುವ ‘ಅಒಝೊರಾ ಬುಂಕೊ’ ದೊಡ್ಡ ಉಪಕಾರ, ಆದರೆ ಪುಕ್ಕಟೆ ಎಂದರೆ ಸುಲಭ ಎಂದಲ್ಲ. ಕನ್ನಡದಂತೆ ಕ್ರಿಯಾಪದ ಕೊನೆಗೆ ಬರುವುದರಿಂದ ಕನ್ನಡಿಗರಿಗೆ ಜಪಾನಿ ವಾಕ್ಯದ ಜಾಡು ಬೇಗ ಹತ್ತುತ್ತದೆ ಎಂಬುದು ನಿಜ. ಅಷ್ಟರಿಂದಲೇ ಪದಗಳು ತಲೆಗೆ ಬಂದು ಕೂರುವುದಿಲ್ಲ.

ಪದ ಎಷ್ಟು ಗೊತ್ತಿರಬೇಕು? ಮಾರ್ಸೆಲ್ಲಾ ಹೂ ಮತ್ತು ಪಾಲ್ ನೇಷನ್ ಇಂಗ್ಲಿಷ್ ಕಲಿಯುವವರಿಗೆ ಕತೆ ಓದಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನೆರವಿಲ್ಲದೆ ಆರಾಮಾಗಿ ಓದಲು ಪುಟದ ಶೇ 98ರಷ್ಟು ಪದಗಳು ಗೊತ್ತಿರಬೇಕು. ಅಂದರೆ ಐವತ್ತಕ್ಕೆ ಒಂದು ಹೊಸ ಪದ. ಶೇ 80ರಷ್ಟು ಗೊತ್ತಿದ್ದವರಲ್ಲಿ ಒಬ್ಬರಿಗೂ ಕತೆ ಸಾಕಷ್ಟು ಅರ್ಥವಾಗಲಿಲ್ಲ. ಸಲಹೆ ಕೊಡುವವರು ಮೊಮೊತಾರೊನ ಮೊದಲ ಪುಟವನ್ನು ಈ ಲೆಕ್ಕಕ್ಕೆ ಹಿಡಿದು ನೋಡಲಿ.

ಕಲಿಯುವವರಿಗೆಂದೇ ಬರೆದ ಓದು ಬೇಕಾದಷ್ಟಿದೆ. ಟೋಕಿಯೊದ ತಾದೊಕು ಸಂಸ್ಥೆ ಸೊನ್ನೆಯಿಂದ ಐದರವರೆಗೆ ಹಂತ ಮಾಡಿ ಪುಸ್ತಕಗಳನ್ನು ರೂಪಿಸಿದೆ, ಹಲವನ್ನು ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ಸೊನ್ನೆಯ ಹಂತದಲ್ಲಿ ಪುಟಕ್ಕೊಂದು ಚಿತ್ರ, ಒಂದೆರಡು ಸಾಲು, ಕಾಂಜಿಗೆಲ್ಲ ಫುರಿಗಾನಾ. ಕೆಳಹಂತಕ್ಕೆ ಸುಮಾರು 350 ಪದಗಳ ಮಿತಿ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 2012ರಲ್ಲಿ ಸರಳ ಜಪಾನಿಯಲ್ಲಿ ಸುದ್ದಿ ಕೊಡಲು ಶುರುಮಾಡಿತು. ಆ ಸರಳ ಜಪಾನಿಯ ಹಿಂದೆ ನೋವಿನ ಕತೆಯಿದೆ. 1995ರ ಜನವರಿ 17ರಂದು ಕೋಬೆ ನಗರವನ್ನು ಭೂಕಂಪ ನಡುಗಿಸಿದಾಗ, ಎಚ್ಚರಿಕೆ, ಪರಿಹಾರಗಳ ಪ್ರಕಟಣೆ ಅಲ್ಲಿದ್ದ ಎಷ್ಟೋ ವಿದೇಶಿಯರಿಗೆ ಅರ್ಥವಾಗಲಿಲ್ಲ. ಆಮೇಲೆ ಹಿರೊಸಾಕಿ ವಿಶ್ವವಿದ್ಯಾಲಯದ ಸಾತೊ ಕಝುಯುಕಿ ಮತ್ತವರ ಸಂಗಡಿಗರು ತುರ್ತಿನ ಮಾತನ್ನು ಸರಳಗೊಳಿಸುವ ಕೆಲಸಕ್ಕೆ ಇಳಿದರು.

ಇಷ್ಟೆಲ್ಲ ಇದ್ದೂ ಹಳೆಯ ಸಲಹೆ ಓಡಾಡುತ್ತಲೇ ಇದೆ. ಕೇಳಲು ಸರಿಯೆನಿಸಿದ ಮಾತನ್ನು ಯಾರೂ ಪುಟ ತೆರೆದು ಪರೀಕ್ಷಿಸುವುದಿಲ್ಲ. ಇದೇ ನಂಬುಗೆಯಿಂದ ಜನ ಜಪಾನಿ ಭಾಷಾ ಸಾಮರ್ಥ್ಯ ಅಳೆಯುವ ಜೆಎಲ್‌ಪಿಟಿ ಪರೀಕ್ಷೆಯ ‘ಅಧಿಕೃತ ಪದಪಟ್ಟಿ’ ಕೊಳ್ಳುತ್ತಾರೆ. 2010ರಲ್ಲಿ ಪರೀಕ್ಷೆ ಐದು ಹಂತಗಳಾದ ಮೇಲೆ ಸಂಘಟಕರು ಅಂಥ ಪಟ್ಟಿ ಪ್ರಕಟಿಸಿಲ್ಲ. ಮಾರುಕಟ್ಟೆಯಲ್ಲಿರುವುದೆಲ್ಲ ಪ್ರಕಾಶಕರ ಅಂದಾಜು. ಬೆಂಗಳೂರಿನಲ್ಲೂ ಈ ಪರೀಕ್ಷೆಗೆ ಕೂರುವವರು ಆ ಪಟ್ಟಿಗಳನ್ನು ಬಾಯಿಪಾಠ ಮಾಡಿ, ಒಂದು ಪುಟ್ಟ ಕತೆಯನ್ನೂ ಪೂರ್ತಿ ಓದದೆ ಪರೀಕ್ಷಾ ಕೊಠಡಿಗೆ ಹೋಗುವುದು ಸಂಕಟದ ಸಂಗತಿ. ಪಟ್ಟಿ ಬದಿಗಿಟ್ಟು ಓದಲು ಹೊರಡುವವರಿಗೆ ತಾದೊಕುವಿನ ನಿಯಮಗಳು ನಾಲ್ಕೇ: ತೀರ ಸುಲಭದ್ದರಿಂದ ಶುರು ಮಾಡಿ, ನಿಘಂಟು ನೋಡಬೇಡಿ, ತಿಳಿಯದ್ದನ್ನು ದಾಟಿ ಮುಂದೆ ಹೋಗಿ, ಓದು ಸಾಗದಿದ್ದರೆ ಆ ಪುಸ್ತಕ ಬಿಟ್ಟು ಇನ್ನೊಂದನ್ನು ತೆಗೆದುಕೊಳ್ಳಿ.