ಕೆಟಿ-22 ಇಳಿದ ಕಥೆ

ನಮ್ಮೂರು ತೀರ್ಥಹಳ್ಳಿ ಕಡೆ. ಮಳೆ ಬಗ್ಗೆ ನಂಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದ್ರೆ ಹಿಮ? ಇಪ್ಪತ್ತನಾಲ್ಕು ವರ್ಷ ಆಗೋವರೆಗೂ ನಾನು ಕಂಡಿದ್ದ ಹಿಮ ಅಂದ್ರೆ ಫ್ರಿಜ್ಜಿನೊಳಗೆ ಕಟ್ಟಿಕೊಳ್ಳೋದು ಮಾತ್ರ.

ಈಗ ಸನಿವೇಲಿನಲ್ಲಿ ಕೂತು ಕೋಡ್ ಬರೆಯೋಕೆ ಶುರು ಮಾಡಿ ನಾಲ್ಕು ವರ್ಷ. ಇಲ್ಲಿ ಹಿಮ ಬೀಳಲ್ಲ. ಬೇಕಂದ್ರೆ ಇಂಟರ್‌ಸ್ಟೇಟ್ 80 ಹಿಡಿದು, ಇನ್ನೂರು ಮೈಲಿಗೂ ಜಾಸ್ತಿ ಡ್ರೈವ್ ಮಾಡಿ ಲೇಕ್ ಟಾಹೋ ಕಡೆ ಹೋಗ್ಬೇಕು. ಡಿಕ್ಕಿಯಲ್ಲಿ ಟೈರಿಗೆ ಕಟ್ಟೋ ಚೈನು ಇರಲೇಬೇಕು. ದಾರಿಯಲ್ಲಿ ಸಿಗೋ ಡಾನರ್ ಪಾಸ್ ಹತ್ರವೇ 1846ರ ಚಳಿಗಾಲದಲ್ಲಿ ಎತ್ತಿನ ಗಾಡಿಗಳಲ್ಲಿ ಬಂದ ವಲಸಿಗರ ತಂಡವೊಂದು ಹಿಮದಲ್ಲಿ ಸಿಕ್ಕಿಹಾಕಿಕೊಂಡು, ಹೆಚ್ಚುಕಮ್ಮಿ ಅರ್ಧದಷ್ಟು ಜನ ಸತ್ತುಹೋಗಿದ್ದು. ನಾವೀಗ ಅಲ್ಲೇ ಹೀಟರ್ ಹಾಕ್ಕೊಂಡು, ಹಾಡು ಕೇಳ್ತಾ ದಾಟ್ತೀವಿ!

"ಮಗಾ, ಎರಡು ವರ್ಷದಿಂದ ಮಕ್ಕಳ ಜೊತೆನೇ ಜಾರ್ತಿದೀಯಲ್ಲೋ. ಈ ಸಲ ಪ್ಯಾಲಿಸೇಡ್ಸ್ ಟಾಹೋಗೆ ಹೋಗಣ" ಅಂದ ನನ್ನ ದಾವಣಗೆರೆ ರೂಮ್‌ಮೇಟ್. ಹೊರಟೆವು.

1960ರ ಚಳಿಗಾಲದ ಒಲಿಂಪಿಕ್ಸ್ ನಡೆದಿದ್ದು ಇಲ್ಲೇ. ಆಟಗಳ ಫಲಿತಾಂಶ ಲೆಕ್ಕ ಹಾಕೋಕೆ ಐಬಿಎಂನವರು ರಾಮಾಕ್ ಕಂಪ್ಯೂಟರ್ ತಂದು ಕೂರಿಸಿದ್ರಂತೆ. ನಮ್ಮ ಕುಲಬಾಂಧವರು ಆಗ್ಲೇ ಬಂದು ಹೋಗಿದ್ದಾರೆ ಅಂತಾಯ್ತು! ಆಗಿದ್ದ ಹೆಸರು ಸ್ಕ್ವಾ ವ್ಯಾಲಿ. 'ಸ್ಕ್ವಾ' ಅನ್ನೋದು ಮೂಲನಿವಾಸಿ ಹೆಂಗಸರನ್ನ ಹೀಯಾಳಿಸೋ ಪದ ಅಂತ 2021ರಲ್ಲಿ ಬದಲಾಯಿಸಿದ್ರು.

ಬುಡದ ಊರೇ 6,200 ಅಡಿ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿ ಹತ್ತಿರಹತ್ತಿರ ಅಷ್ಟೇ. ಅಂದ್ರೆ ಮುಳ್ಳಯ್ಯನಗಿರಿ ಮುಗಿಯೋ ಕಡೆ ಇಲ್ಲಿ ಬೆಟ್ಟ ಶುರು! ಇಷ್ಟೊಂದು ಹಿಮ ಯಾಕೆ ಅನ್ನೋದು ಮಲೆನಾಡಿನವನಿಗೆ ಬೇಗ ಅರ್ಥ ಆಗುತ್ತೆ. ಅರಬ್ಬೀ ಸಮುದ್ರದ ಮೋಡ ಘಟ್ಟ ಹತ್ತುವಾಗ ಆಗುಂಬೆಯಲ್ಲಿ ಸುರಿದು, ಚಿತ್ರದುರ್ಗಕ್ಕೆ ಹೋಗೋಷ್ಟರಲ್ಲಿ ಖಾಲಿ ಆಗುತ್ತಲ್ಲ, ಹಾಗೇ ಪೆಸಿಫಿಕ್ ಮೋಡ ಸಿಯೆರಾ ನೆವಾಡ ಹತ್ತುವಾಗ ಹಿಮ ಸುರಿಸುತ್ತೆ. ಆಚೆಗಿನ ರೀನೋ ಒಣ ಒಣ. 2022-23ರಲ್ಲಿ ಈ ಬೆಟ್ಟದ ಮೇಲೆ 700 ಇಂಚಿಗೂ ಜಾಸ್ತಿ ಬಿದ್ದಿತ್ತು.

ಕೆಳಗೆ ಜಾತ್ರೆನೇ. ಸಂಗೀತ, ಬಿಯರು, ಬಣ್ಣಬಣ್ಣದ ಜಾಕೆಟ್ಟು, ಮಂಚದಷ್ಟು ದೊಡ್ಡ ನಾಯಿಗಳು. ಇಲ್ಲಿ ಇಳಿಜಾರುಗಳಿಗೆ ಗುರುತು ಇರುತ್ತೆ: ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಷ್ಟ, ಎರಡು ಕಪ್ಪು ವಜ್ರ ಇದ್ರೆ ದೇವರೇ ಗತಿ. ನಾನು ಹಸಿರಿಂದ ನೀಲಿಗೆ ಆಗಷ್ಟೇ ಪಾಸಾದವನು. ಆದ್ರೂ ರೂಮ್‌ಮೇಟ್ ಹಿಂದೆ ಕೆಟಿ-22 ಲಿಫ್ಟ್ ಹತ್ತಿಬಿಟ್ಟೆ. ಬೇಡ ಅನ್ನೋಕೆ ನಾಚಿಕೆ, ಅಷ್ಟೇ ಕಾರಣ.

ಮೇಲೆ ಇಳಿದು ನೋಡಿದ್ರೆ ಸುತ್ತ ಕಪ್ಪು ವಜ್ರಗಳೇ. ಬುಡದಿಂದ ಸುಮಾರು 1,800 ಅಡಿ ಮೇಲೆ ನಿಂತಿದೀನಿ. "ಕೆಳಗೆ ಸಿಗ್ತೀನಿ ಕಣೋ" ಅಂತ ಅವನು ಹೋಗೇಬಿಟ್ಟ. 2024ರ ಜನವರಿ 10ಕ್ಕೆ ಇದೇ ಕೆಟಿ-22 ಕಡೆ ಹಿಮ ಕುಸಿದು ಒಬ್ಬರು ಸತ್ತಿದ್ದು ಆಗ್ಲೇ ನೆನಪಾಗ್ಬೇಕೆ? ಕಾಲು ನಡುಗೋಕೆ ಶುರು. ಅದು ಚಳಿಗಲ್ಲ ಅಂತ ನಂಗೆ ಗೊತ್ತಿತ್ತು.

ಹಿಂದಿನಿಂದ ಬಂದ ಅಜ್ಜಿಯೊಬ್ಬರು ನಿಂತು, "ಸ್ಕೀ ಪೆಟ್ರೋಲ್‌ನವರನ್ನ ಕರೀಲಾ?" ಅಂತ ಕೇಳಿದ್ರು. ಬೇಡ ಅಂದೆ. ಅವರು ಮುಖ ನೋಡಿದ್ರು. "ಭಯ ಆಗ್ತಿದೆ" ಅಂದೆ. ಆ ಎರಡು ಪದ ಹೇಳೋದು ಇಳಿಯೋದಕ್ಕಿಂತ ಕಷ್ಟ ಆಯ್ತು ಕಣ್ರೀ.

ಅವರು ನಕ್ಕು ಈ ಬೆಟ್ಟಕ್ಕೆ ಹೆಸರು ಬಂದ ಕಥೆ ಹೇಳಿದ್ರು. ಮೊದಮೊದಲ ದಿನಗಳಲ್ಲಿ ಸ್ಯಾಂಡಿ ಪೌಲ್ಸೆನ್ ಅನ್ನೋ ಹೆಣ್ಣುಮಗಳು ಇಲ್ಲಿಂದ ಇಳಿಯುವಾಗ, ಜಾರೋ ಧೈರ್ಯ ಸಾಲದೆ, ನಿಂತಲ್ಲೇ ಒಂದೊಂದು ಕಾಲು ಎತ್ತಿ ತಿರುಗಿಸೋ 'ಕಿಕ್ ಟರ್ನ್' ಹಾಕ್ತಾ ಬಂದ್ರಂತೆ. ಒಟ್ಟು 22 ಸಲ. ಅದೇ ಕೆಟಿ-22! ಅಂದ್ರೆ ಈ ಮಹಾ ಬೆಟ್ಟಕ್ಕೆ ಹೆಸರು ಕೊಟ್ಟಿದ್ದು ಸಾಹಸ ಅಲ್ಲ, ಹುಷಾರು.

ಅಜ್ಜಿ ಮುಂದೆ, ನಾನು ಹಿಂದೆ. ಸ್ಕೀ ಎರಡನ್ನೂ ಇಳಿಜಾರಿಗೆ ಅಡ್ಡ ಇಟ್ಟು, ಅಂಚನ್ನ ಹಿಮಕ್ಕೆ ಊರಿ, ಸ್ವಲ್ಪ ಸಡಿಲ ಬಿಟ್ಟು ಪಕ್ಕಪಕ್ಕಕ್ಕೆ ಜಾರೋದು. ಮತ್ತೆ ಊರೋದು. ಆರು ವರ್ಷದ ಪೋರಿಯೊಬ್ಬಳು ಸೊಂಯ್ ಅಂತ ಪಕ್ಕದಲ್ಲೇ ಹೋದ್ಲು. ನಂಗೆ ಮುಕ್ಕಾಲು ಗಂಟೆ ಹಿಡೀತು.

ಕೆಳಗೆ ರೂಮ್‌ಮೇಟ್ ಬಿಳಿಚಿಕೊಂಡು ನಿಂತಿದ್ದ. ಪೆಟ್ರೋಲ್‌ನವರ ಹತ್ರ ಹೇಳೋಕೆ ಹೊರಟಿದ್ನಂತೆ. "ಸಾರಿ ಮಗಾ" ಅಂದ. ನಾನೂ ಬಾಯಿಬಿಟ್ಟು ಹೇಳಬೇಕಿತ್ತಲ್ವಾ? ಪಾರ್ಕಿಂಗ್ ಲಾಟಿನಲ್ಲಿ ತಣ್ಣಗಾಗಿದ್ದ ಪುಳಿಯೋಗರೆ ತಿಂದೆವು. ಅಂಥ ಪುಳಿಯೋಗರೆ ನಾನು ಯಾವತ್ತೂ ತಿಂದಿಲ್ಲ.

ಮಾರನೇ ದಿನ ದುಡ್ಡು ಕೊಟ್ಟು ಪಾಠಕ್ಕೆ ಸೇರಿದೆ, ಮಕ್ಕಳ ಜೊತೆಗೇ. ರಾತ್ರಿ ಅಮ್ಮ ಫೋನಲ್ಲಿ "ಎಲ್ಲೂ ಬೀಳಲಿಲ್ಲ ತಾನೆ?" ಅಂತ ಕೇಳಿದ್ಲು. "ಇಲ್ಲಮ್ಮ, ಕೆಳಗೇ ಆಡ್ಕೊಂಡಿದ್ವಿ" ಅಂದೆ.

ಅಮ್ಮ ಇದನ್ನ ಓದ್ತಾಳೆ ಅನ್ನೋದು ಈಗ ನೆನಪಾಯ್ತು. ತಪ್ಪಾಯ್ತಮ್ಮ.